ಮನೆಗೆ ಹೋಗಬೇಕೆನ್ನುವ ತಾಯಿ

ಮೈಸೂರಿನ ಸರಸ್ವತಿಪುರದ ಒಂದು ಮನೆಯಲ್ಲಿ ದಿನವೂ ದೀಪ ಹಚ್ಚುವ ಹೊತ್ತಿಗೆ ಒಂದು ಪ್ರಯಾಣದ ಸಿದ್ಧತೆ ನಡೆಯುತ್ತದೆ. ಎಪ್ಪತ್ತಾರು ವರ್ಷ ವಯಸ್ಸಿನ ತಾಯಿ ತಮ್ಮ ಕೋಣೆಗೆ ಹೋಗಿ, ಎರಡು ಸೀರೆ, ಒಂದು ಬಾಚಣಿಗೆ, ಕನ್ನಡಕದ ಡಬ್ಬಿ, ತೀರಿಹೋದ ಯಜಮಾನರ ಭಾವಚಿತ್ರ ಇಷ್ಟನ್ನೂ ಬಟ್ಟೆಯ ಚೀಲವೊಂದರಲ್ಲಿ ತುಂಬಿಕೊಂಡು ಬಂದು ಬಾಗಿಲ ಬಳಿ ನಿಲ್ಲುತ್ತಾರೆ. ಚಪ್ಪಲಿ ಮೆಟ್ಟಿರುತ್ತಾರೆ; ಒಮ್ಮೊಮ್ಮೆ ಎರಡು ಕಾಲಿಗೆ ಎರಡು ಬಗೆಯವು.

“ಕತ್ತಲಾಗುತ್ತಾ ಬಂತು. ನಾನಿನ್ನು ಮನೆಗೆ ಹೋಗಬೇಕು.”

“ಇದೇ ಅಲ್ಲವೇನಮ್ಮ ನಿನ್ನ ಮನೆ?” ಎನ್ನುತ್ತಾನೆ ಮಗ.

“ಇದಲ್ಲಪ್ಪ, ನಮ್ಮ ಮನೆ. ಅಮ್ಮ ಕಾಯುತ್ತಿರುತ್ತಾಳೆ.”

ಆ ಅಮ್ಮ ತೀರಿಕೊಂಡು ನಲವತ್ತು ವರ್ಷಗಳಾದವು. ಈ ಮನೆಯಾದರೋ 1981ರಲ್ಲಿ ಕಟ್ಟಿಸಿದ್ದು. ಅದು ಏಳುತ್ತಿದ್ದಾಗ ಬೆಳಗೂ ಸಂಜೆಯೂ ಗೋಡೆಗಳಿಗೆ ನೀರುಣಿಸಿದವರು ಈ ತಾಯಿಯೇ. ಮೊದಮೊದಲು ಮಗ ಕಪಾಟಿನಿಂದ ಕಂದಾಯದ ರಸೀದಿಯನ್ನು ತೆಗೆದು ತೋರಿಸುತ್ತಿದ್ದ. ತಾಯಿ ಕನ್ನಡಕವೇರಿಸಿ, ಅದರಲ್ಲಿದ್ದ ತಮ್ಮ ಹೆಸರನ್ನು ಒಂದಕ್ಷರವೂ ತಪ್ಪದಂತೆ ಓದಿ, “ಹೌದು, ಹೆಸರು ನನ್ನದೇ. ಆದರೆ ಮನೆ ಇದಲ್ಲ” ಎಂದು ರಸೀದಿಯನ್ನು ಮಡಿಸಿ ಹಿಂದಕ್ಕೆ ಕೊಡುತ್ತಿದ್ದರು.

ಈ ಮನೆಯವರ ಹೆಸರು ಇಲ್ಲಿ ಅನಾವಶ್ಯಕ. ಹೆಸರು ಹೇಳಿದರೆ ಅದು ಒಂದು ಮನೆಯ ಕಥೆಯಾಗಿಬಿಡುತ್ತದೆ. ಓದುಗರಲ್ಲಿ ಎಷ್ಟೋ ಮಂದಿ ತಮ್ಮ ಬೀದಿಯಲ್ಲಿ, ಬಹುಶಃ ತಮ್ಮ ಮನೆಯಲ್ಲಿಯೇ ಇದನ್ನು ಕಂಡಿರುತ್ತಾರೆ.

ಇಂಥ ಮನೆಗಳು ಕನ್ನಡ ನಾಡಿನಲ್ಲಿ ಹಿಂದೆಯೂ ಇದ್ದವು. ಅವುಗಳಿಗಾಗಿ ಹಿರಿಯರು ಒಂದು ಮಾತನ್ನು ಮಾಡಿ ಇಟ್ಟಿದ್ದರು: ಅರವತ್ತಕ್ಕೆ ಅರಳು ಮರಳು. ಆ ಮಾತಿನಲ್ಲಿ ಕರುಣೆಯಿತ್ತೆಂಬುದನ್ನು ಅಲ್ಲಗಳೆಯಲಾಗದು. ಈಗ ತಾನೇ ಉಂಡು ಎದ್ದು, ನನಗೆ ಯಾರೂ ಊಟ ಹಾಕಲಿಲ್ಲವೆಂದು ದೂರುವ ಅಜ್ಜನನ್ನು ಯಾರೂ ಹುಚ್ಚನೆನ್ನುತ್ತಿರಲಿಲ್ಲ. ಅರಳು ಮರಳೆಂದು ನಕ್ಕು, ಒಂದು ಲೋಟ ಮಜ್ಜಿಗೆ ಕೊಟ್ಟು ಕೂಡಿಸುತ್ತಿದ್ದರು. ತೊಟ್ಟಿಯ ಮನೆ, ಹತ್ತಾರು ಜನ. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಇರುತ್ತಿತ್ತು. ಮುದುಕರು ಬೀದಿಗಿಳಿದರೂ ಊರೆಲ್ಲ ಗುರುತಿನವರೇ ಆದುದರಿಂದ ಯಾರಾದರೊಬ್ಬರು ಕೈಹಿಡಿದು ಕರೆತಂದು ಬಿಡುತ್ತಿದ್ದರು. ಈಗ ಮನೆಯಲ್ಲಿರುವವರು ನಾಲ್ವರು. ಹಗಲು ಹೊತ್ತು ಆ ನಾಲ್ವರಲ್ಲಿ ಮೂವರು ಹೊರಗೆ. ಬೀದಿಯಲ್ಲಿ ಓಡುವುದು ಬಸ್ಸು, ಕಾರು. ಮಾತು ಮಾತ್ರ ಹಳೆಯದೇ ಉಳಿದಿದೆ, ಮತ್ತು ಅದು ಈಗ ರೋಗಕ್ಕೆ ಹೊದಿಕೆಯಾಗಿದೆ. ವಯಸ್ಸಾದವರಿಗೆಲ್ಲ ಹೀಗಾಗುವುದಿಲ್ಲ, ತೊಂಬತ್ತು ದಾಟಿಯೂ ಹಾಲಿನವನ ಲೆಕ್ಕವನ್ನು ಬಾಯಲ್ಲೇ ಹೇಳುವವರಿದ್ದಾರೆ. ಹೀಗಾಗುವವರ ವಿಷಯದಲ್ಲಿ ಅದು ವಯಸ್ಸಿನ ಸ್ವಭಾವವಲ್ಲ, ಮಿದುಳಿನ ಕಾಯಿಲೆ. ವೈದ್ಯರು ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅದರ ಬಗೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆಲ್ಜೈಮರ್ಸ್ ರೋಗ. ಭಾರತದ ಬೇರೆ ಬೇರೆ ರಾಜ್ಯಗಳ ವೃದ್ಧರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಅಂದಾಜಿನಂತೆ, ನಮ್ಮ ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು.

ಸರಸ್ವತಿಪುರದ ಮನೆಯಲ್ಲಿ ಇದು ಆರಂಭವಾದದ್ದು ಒಂದು ಯುಗಾದಿಯ ದಿನ. ಒಬ್ಬಟ್ಟು ಆ ತಾಯಿಯ ಕೈಯ ಅಡಿಗೆಗಳಲ್ಲೆಲ್ಲ ಹೆಸರಾದದ್ದು. ಬೇಳೆ, ಬೆಲ್ಲಗಳನ್ನು ಅವರು ಎಂದೂ ಅಳೆದವರಲ್ಲ. ಅಂದು ಒಲೆಯ ಮುಂದೆ ಒಂದು ಕಡೆ ಕಣಕ, ಒಂದು ಕಡೆ ಹೂರಣ ಇಟ್ಟುಕೊಂಡು ಅವರು ಸುಮ್ಮನೆ ನಿಂತುಬಿಟ್ಟರು. ಯಾವುದನ್ನು ಯಾವುದರೊಳಗೆ ತುಂಬಬೇಕೆಂಬುದು ತೋಚಲಿಲ್ಲ. ಸೊಸೆ ಬಂದುದನ್ನು ಕಂಡೊಡನೆ ನಕ್ಕು, “ಇವತ್ತು ನೀನೇ ಮಾಡಮ್ಮ, ನಿನ್ನ ಕೈಯೂ ಪಳಗಲಿ” ಎಂದು ಕೈ ತೊಳೆದುಕೊಂಡು ಹೊರಗೆ ಹೋದರು. ಸೊಸೆಗೆ ಅದು ಅತ್ತೆಯ ಔದಾರ್ಯವೆಂದು ಸಂತೋಷವಾಯಿತು. ಎರಡು ವರ್ಷಗಳ ಮೇಲೆ ಆ ದಿನವನ್ನು ಮತ್ತೆ ನೆನೆದಾಗ ಆಕೆಗೆ ಬೇರೆಯೇ ಒಂದು ಅರ್ಥ ಹೊಳೆಯಿತು. ಈ ಕಾಯಿಲೆ ಮೊದಲು ತಿಳಿಯುವುದು ಮನೆಯವರಿಗಲ್ಲ, ಕಾಯಿಲೆಯವರಿಗೇ. ತಮ್ಮೊಳಗೆ ಏನೋ ಕಳಚುತ್ತಿದೆಯೆಂದು ಅರಿತು ಅವರು ಅದನ್ನು ಬಲು ಜಾಣತನದಿಂದ ಮುಚ್ಚಿಟ್ಟುಕೊಳ್ಳುತ್ತಾರೆ. ಆ ಒಂದೆರಡು ವರ್ಷ ಅವರು ಅನುಭವಿಸುವ ಭಯದಲ್ಲಿ ಯಾರೂ ಪಾಲುಗೊಂಡಿರುವುದಿಲ್ಲ.

ಅನಂತರದ್ದು ವೇಗವಾಗಿ ನಡೆಯಿತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಹಾಲಿನ ಪಾತ್ರೆ ಒಲೆಯ ಮೇಲೆ ಸೀದು ಕರಕಾಯಿತು. ತರಕಾರಿ ತರಲು ಹೋದವರು ಮೂರು ಗಂಟೆ ಬರಲಿಲ್ಲ. ಕುಕ್ಕರಹಳ್ಳಿ ಕೆರೆಯ ಬಳಿ ಕುಳಿತಿದ್ದವರನ್ನು ನೆರೆಯ ಹುಡುಗನೊಬ್ಬ ಗುರುತಿಸಿ ಕರೆತಂದ. ಆಗ ವೈದ್ಯರ ಬಳಿಗೆ ಹೋದರು.

ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು, ಮಿದುಳಿನ ಚಿತ್ರ ತೆಗೆಸಿದರು. ಇದರ ಅಗತ್ಯವಿದೆಯೇ ಎಂದು ಕೇಳುವವರುಂಟು. ಖಂಡಿತವಾಗಿಯೂ ಇದೆ. ಥೈರಾಯ್ಡ್ ಗ್ರಂಥಿಯ ದೋಷದಿಂದ, ಬಿ-12 ಜೀವಸತ್ವದ ಕೊರತೆಯಿಂದ, ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಕಟ್ಟಿದುದರಿಂದ, ಮನಸ್ಸಿನ ಖಿನ್ನತೆಯಿಂದ ಸಹ ಮರೆವು ಬರುವುದುಂಟು, ಮತ್ತು ಇವುಗಳಿಗೆ ಚಿಕಿತ್ಸೆಯಿದೆ. ಅರಳು ಮರಳೆಂದು ಸುಮ್ಮನಿರುವವರು ಈ ಅವಕಾಶವನ್ನು ಕಳೆದುಕೊಳ್ಳುತ್ತಾರೆ. ಈ ತಾಯಿಯ ವಿಷಯದಲ್ಲಿ ಅಂಥ ಭಾಗ್ಯವಿರಲಿಲ್ಲ. ಡೊನೆಪೆಜಿಲ್ ಮೊದಲಾದ ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ಅನುಕೂಲ ಮಾಡಬಲ್ಲವು; ಹೋದುದನ್ನು ಅವು ಮರಳಿ ತಾರವು. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕನೆಮ್ಯಾಬ್ ಎಂಬ ಔಷಧವೂ ಆರಂಭದ ಹಂತದಲ್ಲಿರುವವರಿಗಷ್ಟೇ. ಅದು ರೋಗದ ನಡಿಗೆಯನ್ನು ಕೊಂಚ ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ, ಮಿದುಳಿನಲ್ಲಿ ಊತವನ್ನೂ ರಕ್ತಸ್ರಾವವನ್ನೂ ಉಂಟುಮಾಡುವ ಅಪಾಯವೂ ಅದಕ್ಕಿದೆ. ಹೀಗಾಗಿ ಚಿಕಿತ್ಸೆಯ ಬಹುಭಾಗ ಇನ್ನೂ ಮನೆಯವರ ಕೈಯಲ್ಲಿಯೇ ಉಳಿದಿದೆ. ಮಾತಿನ ಧಾಟಿ, ಕೋಣೆಯ ಬೆಳಕು, ಬಚ್ಚಲಿನ ನೆಲ, ಹೊರಬಾಗಿಲ ಚಿಲಕ ಇವೇ ಅಲ್ಲಿ ಔಷಧಗಳು.

ಸೊಸೆ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಅತ್ತೆ ಸೊಸೆಯರಲ್ಲಿ ಇಪ್ಪತ್ತೈದು ವರ್ಷಗಳಲ್ಲಿ ಒಂದು ಬಿರುಸಾದ ಮಾತು ನಡೆದಿರಲಿಲ್ಲವೆಂದರೆ ಓದುಗರು ನಂಬಲಾರರು. ನಡೆದಿತ್ತು, ಆದರೆ ಮರುದಿನದ ಕಾಫಿಯ ಹೊತ್ತಿಗೆ ಕರಗುತ್ತಿತ್ತು. ಒಂದು ದಿನ ಶಾಲೆಯಿಂದ ಬಂದಾಗ ಅತ್ತೆ ಅಂಗಳದಲ್ಲಿ ನಿಂತು, ಪಕ್ಕದ ಮನೆಯಾಕೆಗೆ ಕೇಳಿಸುವಂತೆ, “ಇವಳೇ ನನ್ನ ಬಳೆ ಕದ್ದವಳು. ನಾಲ್ಕು ಬಳೆ. ನಮ್ಮಮ್ಮ ಕೊಟ್ಟದ್ದು” ಎಂದರು. ಬಳೆಗಳು ಅಕ್ಕಿಯ ಡಬ್ಬಿಯ ತಳದಲ್ಲಿದ್ದವು. ಕಳ್ಳರಿಗೆ ಹೆದರಿ ತಾಯಿಯೇ ಅಲ್ಲಿ ಇಟ್ಟು ಮರೆತಿದ್ದರು. ಬಳೆ ಸಿಕ್ಕಿದ ಮೇಲೂ ಅಪವಾದ ಹೋಗಲಿಲ್ಲ: “ನಾನು ಕೂಗಿದ್ದಕ್ಕೆ ತಂದು ಇಟ್ಟಳು.” ಸೊಸೆ ಅಂದು ಊಟ ಮಾಡಲಿಲ್ಲ. ಇಷ್ಟು ವರ್ಷ ಅತ್ತೆಯ ಮನಸ್ಸಿನ ಆಳದಲ್ಲಿ ಇದ್ದದ್ದು ಇದೇ ಏನು, ಕಾಯಿಲೆ ಅದನ್ನು ಹೊರಗೆ ಹಾಕಿತಷ್ಟೇ ಏನು ಎಂಬ ಸಂಶಯ ಆಕೆಯನ್ನು ಕೊರೆಯತೊಡಗಿತು.

ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ಆಕೆ ಈ ಸಂಶಯವನ್ನು ವೈದ್ಯರ ಮುಂದೆ ತೋಡಿಕೊಂಡಳು. ವೈದ್ಯರು ಉತ್ತರವಾಗಿ ಒಂದು ಹಳೆಯ ವೃತ್ತಾಂತವನ್ನು ಹೇಳಿದರು.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಲ್ ಡೆಟರ್ ಎಂಬ ರೈಲ್ವೆ ಗುಮಾಸ್ತನಿದ್ದ. ಆತನ ಹೆಂಡತಿ ಆಗಸ್ಟ್. ಮದುವೆಯಾಗಿ ಇಪ್ಪತ್ತೆಂಟು ವರ್ಷ ಅನ್ಯೋನ್ಯವಾಗಿ ಬಾಳಿದವರು, ಒಬ್ಬಳೇ ಮಗಳು. 1901ರಲ್ಲಿ ಆ ಗೃಹಿಣಿ ಇದ್ದಕ್ಕಿದ್ದಂತೆ, ಗಂಡನಿಗೂ ನೆರೆಮನೆಯ ಹೆಂಗಸಿಗೂ ಸಂಬಂಧವಿದೆಯೆಂದು ದೂರತೊಡಗಿದಳು. ಅಡಿಗೆ ಕೆಡತೊಡಗಿತು. ವಸ್ತುಗಳನ್ನು ಎಲ್ಲೆಲ್ಲಿಯೋ ಬಚ್ಚಿಡುತ್ತಿದ್ದಳು. ಇರುಳಿನಲ್ಲಿ ಹಾಸಿಗೆಯ ಬಟ್ಟೆಗಳನ್ನು ಎಳೆದಾಡುತ್ತ ಮನೆಯೆಲ್ಲ ತಿರುಗಿ ಕೂಗುತ್ತಿದ್ದಳು. ಆ ವರ್ಷದ ನವೆಂಬರ್ 25ರಂದು ಗಂಡ ಆಕೆಯನ್ನು ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಿದ. ಆಕೆಗೆ ಆಗ 51 ವರ್ಷ. ಮರುದಿನ ಆಕೆಯ ಹಾಸಿಗೆಯ ಬಳಿ ಕುಳಿತು ಪ್ರಶ್ನೆ ಕೇಳಿದವನು ಆಲೊಯ್ಸ್ ಆಲ್ಜೈಮರ್ ಎಂಬ ವೈದ್ಯ. ನಿನ್ನ ಹೆಸರೇನೆಂದು ಕೇಳಿದರೆ ಆಗಸ್ಟ್ ಎಂದಳು. ಮನೆತನದ ಹೆಸರನ್ನು ಕೇಳಿದಾಗಲೂ ಆಗಸ್ಟ್ ಎಂದಳು. ಗಂಡನ ಹೆಸರನ್ನು ಕೇಳಿದಾಗಲೂ ಬಹುಶಃ ಆಗಸ್ಟ್ ಎಂದೇ ಹೇಳಿದಳು. ಹಂದಿಯ ಮಾಂಸವನ್ನೂ ಹೂಕೋಸನ್ನೂ ಉಣ್ಣುತ್ತಿರುವಾಗ ಏನು ಉಣ್ಣುತ್ತಿರುವೆಯೆಂದು ಕೇಳಿದರೆ ಪಾಲಕದ ಸೊಪ್ಪು ಎಂದಳು. ಪೆನ್ಸಿಲು, ಬೀಗದ ಕೈ, ಹಣದ ಚೀಲ, ಚುಟ್ಟಾ ಎಲ್ಲವನ್ನೂ ನೋಡಿ ಸರಿಯಾಗಿ ಹೆಸರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವನ್ನು ನೋಡಿದ್ದನ್ನೇ ಮರೆತಿದ್ದಳು. ವೈದ್ಯ ಎಲ್ಲವನ್ನೂ ಬರೆದುಕೊಂಡ. ನಾಲ್ಕೂವರೆ ವರ್ಷ ಆಕೆ ಅಲ್ಲಿಯೇ ಇದ್ದು, ಹಾಸಿಗೆ ಹಿಡಿದು, ಮೈಯಲ್ಲಿ ಹಾಸಿಗೆ ಹುಣ್ಣುಗಳಾಗಿ, 1906ರ ಏಪ್ರಿಲ್ 8ರಂದು ತೀರಿಕೊಂಡಳು. ಅಷ್ಟರಲ್ಲಿ ಮ್ಯೂನಿಕ್ ನಗರಕ್ಕೆ ಹೋಗಿದ್ದ ಆಲ್ಜೈಮರ್ ಆಕೆಯ ಮಿದುಳನ್ನು ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮಿದುಳು ಕುಗ್ಗಿತ್ತು. ನರಕೋಶಗಳ ನಡುವೆ ಒಂದು ಬಗೆಯ ಗಸಿ ಕಟ್ಟಿತ್ತು. ಕೋಶಗಳ ಒಳಗೆ ದಾರದ ಸಿಕ್ಕಿನಂಥ ಎಳೆಗಳು ಗಂಟುಬಿದ್ದಿದ್ದವು. ಇದನ್ನು ಆತ ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್ನಿನ ವೈದ್ಯರ ಸಭೆಯಲ್ಲಿ ಓದಿ ಹೇಳಿದಾಗ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾಲ್ಕು ವರ್ಷಗಳ ಮೇಲೆ, 1910ರಲ್ಲಿ, ಎಮಿಲ್ ಕ್ರೆಪೆಲಿನ್ ತನ್ನ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಜೈಮರನ ಹೆಸರನ್ನಿಟ್ಟ. ಆಕೆಯ ಚೀಟಿಗಳ ಕಡತ ಕಳೆದೇ ಹೋಯಿತೆಂದು ತಿಳಿದಿದ್ದರು. 1995ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯ ದಾಖಲೆಗಳ ನಡುವೆ ಅದು ಸಿಕ್ಕಿತು.

“ನೋಡಿ ತಾಯಿ, ಈ ರೋಗದ ಮೊದಲನೆಯ ಕಡತದ ಆರಂಭದಲ್ಲಿಯೇ ಇರುವುದು ಮರೆವಲ್ಲ, ಅನುಮಾನ” ಎಂದರು ವೈದ್ಯರು. “ಅಲ್ಲಿ ಗಂಡ, ಇಲ್ಲಿ ನೀವು. ವಸ್ತು ಎಲ್ಲಿಟ್ಟೆನೆಂಬುದು ಮರೆತುಹೋಗುತ್ತದೆ, ಮರೆತೆನೆಂಬುದೂ ಮರೆತುಹೋಗುತ್ತದೆ. ಹಾಗಾದರೆ ಅದು ಹೋದದ್ದು ಹೇಗೆ? ಯಾರೋ ತೆಗೆದುಕೊಂಡಿರಬೇಕು. ಯಾರು? ಎಲ್ಲರಿಗಿಂತ ಹತ್ತಿರ ಇರುವವರು. ನಿಮ್ಮ ಅತ್ತೆಯವರ ಬಳಿ ನೀವೇ ಎಲ್ಲರಿಗಿಂತ ಹೆಚ್ಚು ಹೊತ್ತು ಇರುತ್ತೀರಿ.”

ಸೊಸೆ ಮನೆಗೆ ಬರುವಾಗ ಬಸ್ಸಿನಲ್ಲಿ ಕಾರ್ಲ್ ಡೆಟರನನ್ನೇ ಕುರಿತು ಯೋಚಿಸುತ್ತಿದ್ದಳು. ಚರಿತ್ರೆಯಲ್ಲಿ ವೈದ್ಯನ ಹೆಸರು ರೋಗಕ್ಕೆ ಅಂಟಿ ಉಳಿಯಿತು. ರೋಗಿಯ ಚಿತ್ರ ಪುಸ್ತಕಗಳಲ್ಲಿ ಬಂತು. ಹಾಸಿಗೆಯ ಬಟ್ಟೆಯನ್ನು ಎಳೆದಾಡುವ ಹೆಂಡತಿಯ ಹಿಂದೆ ಇರುಳೆಲ್ಲ ತಿರುಗಿ, ಬೆಳಗ್ಗೆ ರೈಲ್ವೆ ಕಚೇರಿಗೆ ಹೋಗುತ್ತಿದ್ದ ಆ ಗುಮಾಸ್ತನನ್ನು ಕೇಳಿದವರಾರು? ಇಲ್ಲದ ಸಂಬಂಧದ ಅಪವಾದವನ್ನು ಆತ ಹೇಗೆ ನುಂಗಿಕೊಂಡನೋ! ಮರುದಿನ ಅತ್ತೆ ಮತ್ತೆ ಬಳೆಯ ಮಾತೆತ್ತಿದಾಗ ಸೊಸೆ ವಾದಿಸಲಿಲ್ಲ. “ಹೌದೇ ಅತ್ತೆ? ಬನ್ನಿ, ಇಬ್ಬರೂ ಹುಡುಕೋಣ” ಎಂದು ಕೈಹಿಡಿದು ಒಳಗೆ ಕರೆದೊಯ್ದಳು. ಹುಡುಕುತ್ತ ಹುಡುಕುತ್ತ ಹಳೆಯ ಸೀರೆಯೊಂದು ಸಿಕ್ಕಿ, ಬಳೆ ಮರೆತುಹೋಯಿತು.

ಮಗಳು ಅಮೆರಿಕದಲ್ಲಿದ್ದಾಳೆ. ಭಾನುವಾರ ಬೆಳಗ್ಗೆ ಮೊಬೈಲಿನಲ್ಲಿ ತಾಯಿಯ ಮುಖ ನೋಡಿ ಮಾತಾಡುತ್ತಾಳೆ. ಆ ಹತ್ತು ನಿಮಿಷ ತಾಯಿ ತಲೆ ಬಾಚಿಕೊಂಡು ನೇರವಾಗಿ ಕುಳಿತು, “ಚೆನ್ನಾಗಿದ್ದೀಯಾ? ಮಕ್ಕಳು ಚೆನ್ನಾಗಿದ್ದಾರಾ? ಅಲ್ಲಿ ಚಳಿಯೇನು?” ಎಂದು ಕೇಳುತ್ತಿದ್ದರು. ಯಾವ ಮಗಳನ್ನಾದರೂ ಯಾವ ಋತುವಿನಲ್ಲಾದರೂ ಕೇಳಬಹುದಾದ ಮೂರು ಪ್ರಶ್ನೆಗಳು. “ಅಮ್ಮ ಚೆನ್ನಾಗಿಯೇ ಇದ್ದಾಳಲ್ಲಣ್ಣ. ನೀವು ಸುಮ್ಮನೆ ಗಾಬರಿಯಾಗುತ್ತೀರಿ” ಎಂದು ಮಗಳು ಅಣ್ಣನಿಗೆ ಹೇಳುವಳು. ಅಣ್ಣ ತಂಗಿಯರ ನಡುವೆ ಒಂದು ವರ್ಷ ಮಾತು ಮೊದಲಿನಂತಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಆಕೆ ಮೂರು ವಾರ ಬಂದು ತಾಯಿಯ ಕೋಣೆಯಲ್ಲಿಯೇ ಮಲಗಿದಳು. ನಾಲ್ಕನೆಯ ರಾತ್ರಿ ತಾಯಿ ಎದ್ದು ಕುಳಿತು, ಬಹಳ ಮರ್ಯಾದೆಯಿಂದ, “ನೀವು ಯಾರು? ಯಾವಾಗ ಬಂದಿರಿ? ಊಟವಾಯಿತೇ?” ಎಂದರು. ತಾಯಿಯ ಬಾಯಿಂದ ಮಗಳು ಅದುವರೆಗೆ ನೀನು ಎಂಬುದನ್ನಲ್ಲದೆ ಬೇರೆ ಕೇಳಿದವಳಲ್ಲ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಹಿಂದಕ್ಕೆ ಹೋದ ಮೇಲೆ ಆಕೆ ಗಾಬರಿಯ ಮಾತೆತ್ತಿಲ್ಲ. ತಾಯಿಯನ್ನು ಹಗಲು ನೋಡಿಕೊಳ್ಳುವ ಹೆಂಗಸಿನ ಸಂಬಳವನ್ನು ತಿಂಗಳು ತಿಂಗಳೂ ಆಕೆಯೇ ಕಳಿಸುತ್ತಿದ್ದಾಳೆ.

ನೋಡಲು ಬರುವ ನೆಂಟರ ವಿಷಯದಲ್ಲಿ ಒಂದು ಮಾತು ಹೇಳದೆ ಇರಲಾಗದು. ಒಳಗೆ ಬಂದವರೇ ರೋಗಿಯ ಎದುರು ಕುಳಿತು, “ನಾನು ಯಾರು ಹೇಳಿ ನೋಡೋಣ?” ಎಂದು ಆರಂಭಿಸುತ್ತಾರೆ. ಹಿಂದಿನ ಕಾಲದಲ್ಲಿ ಶಾಲೆಗೆ ಬರುತ್ತಿದ್ದ ಇನ್‌ಸ್ಪೆಕ್ಟರೂ ಇಷ್ಟು ನಿರ್ದಯೆಯಿಂದ ಪರೀಕ್ಷಿಸುತ್ತಿರಲಿಲ್ಲ. ಉತ್ತರ ಬರದಿದ್ದರೆ “ಅಯ್ಯೋ ಪಾಪ” ಎಂದು ಎದುರಿಗೇ ಮರುಗುವುದು ಬೇರೆ. ನಾನು ಇಂಥವನು, ನಿಮ್ಮ ಚಿಕ್ಕಪ್ಪನ ಮಗ, ನಿಮ್ಮನ್ನು ನೋಡಿಹೋಗೋಣವೆಂದು ಬಂದೆ ಎಂದು ತಾವಾಗಿ ಹೇಳಿಕೊಂಡರೆ ಇವರ ಗಂಟೇನು ಹೋಗುತ್ತದೆ?

ಮಗನ ತೊಡಕು ಬೇರೆ ಬಗೆಯದು. ಆತ ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ, ಲೆಕ್ಕದಲ್ಲಿ ನಿಷ್ಠುರ. ತಂದೆ ಮುಖ್ಯೋಪಾಧ್ಯಾಯರಾಗಿದ್ದು, ಸುಳ್ಳು ಹೇಳಿದ ಮಗನಿಗೆ ಬೆತ್ತದ ರುಚಿ ತೋರಿಸಿದವರು. ಅಮ್ಮ ಕಾಯುತ್ತಿರುತ್ತಾಳೆಂದು ತಾಯಿ ಹೇಳಿದಾಗಲೆಲ್ಲ ಆತ ಸತ್ಯವನ್ನೇ ಹೇಳುತ್ತಿದ್ದ: “ಅಜ್ಜಿ ಹೋಗಿ ನಲವತ್ತು ವರ್ಷ ಆಯಿತಮ್ಮ.” ತಾಯಿಗೆ ಅದು ಆಗ ತಾನೇ ಬಂದ ಸುದ್ದಿ. “ನನಗೆ ಯಾರೂ ಹೇಳಲೇ ಇಲ್ಲವಲ್ಲೋ!” ಎಂದು ರಾತ್ರಿಯವರೆಗೂ ಅಳುತ್ತಿದ್ದರು. ಅಳು ಮರುದಿನಕ್ಕೆ ಮರೆಯುತ್ತಿತ್ತು. ಸಂಜೆ ಮತ್ತೆ ಚೀಲ, ಮತ್ತೆ ಅಮ್ಮ, ಮತ್ತೆ ಸಾವಿನ ಸುದ್ದಿ. ಹೀಗೆ ಒಂದು ವಾರ ನಡೆದ ಮೇಲೆ ಹೆಂಡತಿ ಕೇಳಿದಳು: “ಸತ್ತವರನ್ನು ಇನ್ನೆಷ್ಟು ಸಲ ಸಾಯಿಸುತ್ತೀರಿ?”

ಹಾಗಾದರೆ ಸುಳ್ಳು ಹೇಳಬೇಕೇ? ಕಾಯಿಲೆಯವರ ಸಮಾಧಾನಕ್ಕಾಗಿ ಆಡುವ ಸುಳ್ಳು ಪಾಪವಲ್ಲವೆಂದು ಎಷ್ಟು ಜನ ಹೇಳಿದರೂ, ಹೆತ್ತ ತಾಯಿಗೆ ದಿನವೂ ಸುಳ್ಳು ಹೇಳುವವನ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ಅದನ್ನು ಹಗುರಾಗಿ ಕಾಣುವುದು ತಪ್ಪು. ಈ ಮಗನಿಗೆ ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ಸಂಜೆ ಮಳೆ ಬರುತ್ತಿತ್ತು. ಆತ ದಣಿದು, ಸತ್ಯವನ್ನೂ ಹೇಳಲಾರದೆ ಸುಳ್ಳನ್ನೂ ಹೇಳಲಾರದೆ, “ನಿಮ್ಮಮ್ಮ ಇಂಥ ಮಳೆಯಲ್ಲಿ ಏನು ಮಾಡುತ್ತಿದ್ದರಮ್ಮ?” ಎಂದು ಕೇಳಿದ. ತಾಯಿ ಚೀಲವನ್ನು ಕೆಳಗಿಟ್ಟರು. ತೀರ್ಥಹಳ್ಳಿಯ ಸೀಮೆಯ ಆ ಹಳ್ಳಿಯ ಮನೆ, ಬಚ್ಚಲ ಒಲೆಯ ಮೇಲಿನ ಹಂಡೆ, ಅದರ ಬೆಚ್ಚಗೆ ಅಂಟಿಕೊಂಡು ಕೂರುತ್ತಿದ್ದ ಮಕ್ಕಳು, ಕೆಸುವಿನ ಎಲೆಯ ಪತ್ರೊಡೆ, ಅಪ್ಪೆಮಿಡಿಯ ಜಾಡಿಗೆ ಮಡಿಯಿಲ್ಲದ ಕೈ ಹಾಕಿದ್ದಕ್ಕೆ ಬಿದ್ದ ಏಟು ಎಲ್ಲವೂ ಬಂದವು. ಬೆಳಗಿನ ತಿಂಡಿ ಏನೆಂದು ನೆನಪಿಲ್ಲದ ಆ ತಲೆಯಲ್ಲಿ ಎಪ್ಪತ್ತು ವರ್ಷದ ಹಿಂದಿನ ಹೊಗೆಯ ವಾಸನೆ ಕೂಡ ಉಳಿದಿತ್ತು. ಈ ರೋಗದ ರೀತಿಯೇ ಹಾಗೆ. ಹೊಸತನ್ನು ಮೊದಲು ಅಳಿಸಿ ಹಳತಿನ ಕಡೆಗೆ ಹಿಂದುಹಿಂದಾಗಿ ಹೋಗುತ್ತದೆ. ಮಗ ಆ ಅಜ್ಜಿಯನ್ನು ಕಂಡದ್ದು ಚಿಕ್ಕಂದಿನಲ್ಲಿ ನಾಲ್ಕಾರು ಸಲ. ಈಗ ಸಂಜೆ ಸಂಜೆಗೂ ಆಕೆಯ ಪರಿಚಯವಾಗುತ್ತಿದೆ. ಸತ್ಯ ಸುಳ್ಳುಗಳ ನಡುವೆ ಪ್ರಶ್ನೆ ಎಂಬುದೊಂದಿದೆ ಎಂಬುದು ಆತನಿಗೆ ಐವತ್ತನೆಯ ವಯಸ್ಸಿನಲ್ಲಿ ತಿಳಿಯಿತು.

ಇಂಗ್ಲಿಷಿನಲ್ಲಿ 26 ಕಾದಂಬರಿಗಳನ್ನು ಬರೆದ ಐರಿಸ್ ಮರ್ಡಾಕ್ ಅವರಿಗೂ ಇದೇ ರೋಗ ಬಂದಿತ್ತು. ಅವರ ಕೊನೆಯ ಕಾದಂಬರಿ ಪ್ರಕಟವಾದದ್ದು 1995ರಲ್ಲಿ. ರೋಗವೇನೆಂದು ತಿಳಿಯುವುದಕ್ಕೆ ಮೊದಲೇ ಬರೆದ ಆ ಪುಸ್ತಕವನ್ನು ಹಿಂದಿನ ಕಾದಂಬರಿಗಳೊಡನೆ ಹೋಲಿಸಿ ನೋಡಿದ ವಿದ್ವಾಂಸರು, ಅದರಲ್ಲಿ ಪದಸಂಪತ್ತು ಬಡವಾಗಿದ್ದುದನ್ನು 2005ರಲ್ಲಿ ತೋರಿಸಿದರು. ಅವರ ಪತಿ ಜಾನ್ ಬೇಲಿ ಆಕ್ಸ್‌ಫರ್ಡಿನಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು. 1998ರಲ್ಲಿ, ಪತ್ನಿ ಇನ್ನೂ ಬದುಕಿರುವಾಗಲೇ, ಆ ದಿನಗಳನ್ನು ಕುರಿತು ಪುಸ್ತಕ ಬರೆದರು. ಅಂಥ ಮಹಾ ಬುದ್ಧಿಶಾಲಿನಿಯ ಅಸಹಾಯತೆಯನ್ನು ಲೋಕಕ್ಕೆ ತೋರಿಸಬಹುದೇ ಎಂದು ಕೆಲವರು ಆಕ್ಷೇಪಿಸಿದ್ದುಂಟು. ಆಕ್ಷೇಪದಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಆ ಇಬ್ಬರು ಪಂಡಿತರು ಬೆಳಗ್ಗೆ ಒಟ್ಟಿಗೆ ಕುಳಿತು ಟೆಲಿವಿಷನ್ನಿನಲ್ಲಿ ಎಳೆಯ ಮಕ್ಕಳ ಬೊಂಬೆಯಾಟದಂಥ ಕಾರ್ಯಕ್ರಮವನ್ನು ನೋಡುತ್ತಿದ್ದರೆಂಬ ಸಂಗತಿ ಆ ಪುಸ್ತಕದಿಂದಲೇ ತಿಳಿದದ್ದು. ಹೆಂಡತಿ ಇರುವ ಕಡೆಗೆ ಗಂಡನೂ ಹೋಗಿ ಕುಳಿತ. ಮರ್ಡಾಕ್ 1999ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಇಷ್ಟು ಹೇಳಿದ ಮಾತ್ರಕ್ಕೆ ಸರಸ್ವತಿಪುರದ ಮನೆಯಲ್ಲಿ ಎಲ್ಲ ಸರಿಹೋಯಿತೆಂದು ಭಾವಿಸಬಾರದು. ಸ್ನಾನಕ್ಕೆ ಕರೆದರೆ ತಾಯಿ ಹೊಡೆಯಲು ಬರುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಅಂಗಳಕ್ಕೆ ನೀರು ಹಾಕಬೇಕೆನ್ನುತ್ತಾರೆ. ಸೊಸೆ ನಿದ್ದೆಯಿಲ್ಲದೆ ಶಾಲೆಗೆ ಹೋಗಿ, ಒಂದು ದಿನ ತರಗತಿಯಲ್ಲಿ ಮಕ್ಕಳ ಮುಂದೆಯೇ ಕಣ್ಣೀರಿಟ್ಟಳು. ಆಕೆಗೆ ರಕ್ತದೊತ್ತಡ ಬಂದಿದೆ. ತಾಯಿಗೆ ಏನೆಂದು ಕೇಳುವವರು ನೂರು ಮಂದಿ. ಆಕೆಗೆ ಏನೆಂದು ಮೊದಲು ಕೇಳಿದವನು ಕಾಲೇಜಿನಲ್ಲಿ ಓದುವ ಮಗ. ಅಂದಿನಿಂದ ಶನಿವಾರದ ರಾತ್ರಿ ಅಜ್ಜಿಯ ಕೋಣೆಯಲ್ಲಿ ಮೊಮ್ಮಗ ಮಲಗುತ್ತಾನೆ, ಆ ಒಂದು ರಾತ್ರಿ ಆಕೆ ಬಾಗಿಲು ಹಾಕಿಕೊಂಡು ನಿದ್ರಿಸುತ್ತಾಳೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವೃದ್ಧರಿಗಾಗಿಯೇ ಪ್ರತ್ಯೇಕ ಚಿಕಿತ್ಸಾಲಯವಿದೆ; ಆಲ್ಜೈಮರ್ಸ್ ರೋಗಿಗಳ ಮನೆಯವರಿಗೆ ನೆರವಾಗಲೆಂದು 1992ರಲ್ಲಿ ಕೇರಳದಲ್ಲಿ ಆರಂಭವಾದ ಸಂಘವೊಂದು ದೇಶದ ಹಲವು ಊರುಗಳಲ್ಲಿ ಕೆಲಸ ಮಾಡುತ್ತಿದೆ. ಇಷ್ಟಿದ್ದರೂ 88 ಲಕ್ಷಕ್ಕೆ ಇವು ಯಾವ ಮೂಲೆಗೆ? ಹಗಲು ಹೊತ್ತು ಇಂಥವರನ್ನು ನೋಡಿಕೊಂಡು ಸಂಜೆ ಮನೆಗೆ ಕಳಿಸುವ ಕೇಂದ್ರಗಳು ದೊಡ್ಡ ನಗರಗಳಲ್ಲಿಯೂ ಕೆಲವೇ. ವಯಸ್ಸಾದವರನ್ನು ಹೊರಗೆ ಬಿಡುವುದು ಅಪಕೀರ್ತಿಯೆಂಬ ಭಾವನೆಯೊಂದು ಬೇರೆ ಇದೆ. ಆ ಕೀರ್ತಿಯ ವೆಚ್ಚವನ್ನು ಹೆಚ್ಚಿನ ಮನೆಗಳಲ್ಲಿ ಒಬ್ಬ ಹೆಂಗಸು ತೆರುತ್ತಿರುತ್ತಾಳೆ, ಲೆಕ್ಕಪುಸ್ತಕದಲ್ಲಿ ಅದನ್ನು ಯಾರೂ ಬರೆಯುವುದಿಲ್ಲ.

ನೋಡಿಕೊಳ್ಳುವವರು ಯಾರೆಂಬುದೂ ಎಲ್ಲ ಕಡೆಗಳಲ್ಲಿ ಸುಲಭದ ಪ್ರಶ್ನೆಯಲ್ಲ. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿ, 1974ರ ರೈಲ್ವೆ ಮುಷ್ಕರವನ್ನು ನಡೆಸಿ, ಮುಂದೆ ದೇಶದ ರಕ್ಷಣಾ ಮಂತ್ರಿಗಳಾದ ಜಾರ್ಜ್ ಫರ್ನಾಂಡಿಸರು ಹಲವು ಭಾಷೆಗಳಲ್ಲಿ ಸಭೆಗಳನ್ನು ಅಲುಗಾಡಿಸಿದ ಮಾತುಗಾರರು. ಅವರ ಕೊನೆಯ ವರ್ಷಗಳನ್ನು ಈ ರೋಗ ಮೌನಕ್ಕೆ ತಳ್ಳಿತು. ಅವರನ್ನು ಯಾರು ನೋಡಿಕೊಳ್ಳಬೇಕು, ಯಾರು ಕಂಡು ಬರಬಹುದು ಎಂಬ ವಿವಾದ 2010ರಲ್ಲಿ ದೆಹಲಿಯ ಹೈಕೋರ್ಟಿನವರೆಗೆ ಹೋಯಿತು. ಅವರು 2019ರ ಜನವರಿಯಲ್ಲಿ ತೀರಿಕೊಂಡರು. ಅಂಥ ವಾದಗಳು ನ್ಯಾಯಾಲಯಕ್ಕೆ ಹೋಗದೆ ಅಡಿಗೆಯ ಮನೆಗಳಲ್ಲಿಯೇ ನಡೆಯುತ್ತಿರುವ ಸಂಸಾರಗಳು ಎಷ್ಟಿವೆಯೋ.

ಬದುಕಿರುವವರಿಗಾಗಿ ಅಳುವ ಪದ್ಧತಿ ನಮ್ಮಲ್ಲಿಲ್ಲ. ಸತ್ತವರಿಗೆ ಹತ್ತು, ಹನ್ನೊಂದು, ವೈಕುಂಠ ಸಮಾರಾಧನೆ ಎಂದು ಶೋಕಕ್ಕೆ ದಿನಗಳು ಗೊತ್ತಾಗಿವೆ. ನೆರೆಯವರು ಬಂದು ಕುಳಿತುಕೊಳ್ಳುತ್ತಾರೆ. ಕಣ್ಣ ಮುಂದೆಯೇ ದಿನಕ್ಕಿಷ್ಟು ದೂರ ಸರಿಯುತ್ತಿರುವವರಿಗಾಗಿ ಯಾವ ದಿನ ಅಳಬೇಕು? ಈ ಮಗ ಒಮ್ಮೊಮ್ಮೆ ಕಚೇರಿಯಿಂದ ಬಂದು, ಸ್ಕೂಟರನ್ನು ನಿಲ್ಲಿಸಿ, ಗೇಟಿನ ಹೊರಗೆ ಐದು ನಿಮಿಷ ಸುಮ್ಮನೆ ನಿಂತಿದ್ದು ಒಳಗೆ ಹೋಗುತ್ತಾನೆ.

ಒಳಗೆ ಒಂದು ಸಮಾಧಾನವಿದೆ. ಸೊಸೆ ಶಾಲೆಯಿಂದ ಬರುವಾಗ ಬಿಡಿ ಮಲ್ಲಿಗೆಯನ್ನೂ ಬಾಳೆನಾರನ್ನೂ ತರುತ್ತಾಳೆ. ತಾಯಿ ಹೆಸರುಗಳನ್ನು ಮರೆತಿದ್ದಾರೆ. ಬೆರಳುಗಳು ಏನನ್ನೂ ಮರೆತಿಲ್ಲ. ಎರಡು ಹೂವು ಈ ಕಡೆ, ಎರಡು ಹೂವು ಆ ಕಡೆ, ಒಂದು ಸುತ್ತು, ಒಂದು ಗಂಟು. ಕಟ್ಟುತ್ತ ಕಟ್ಟುತ್ತ ಹಳೆಯ ಆರತಿಯ ಹಾಡನ್ನು ಒಂದು ಸಾಲೂ ಬಿಡದೆ ಹಾಡುತ್ತಾರೆ. ಮಾಲೆ ಮುಗಿದರೆ ಸೊಸೆಯನ್ನು ಕರೆದು, “ಬಾಮ್ಮ, ಈ ಹೂವು ಮುಡಿದುಕೋ. ನಮ್ಮ ಸೊಸೆಗೂ ಒಂದು ತುಂಡು ಇಡು, ಪಾಪ, ದಣಿದು ಬರುತ್ತಾಳೆ” ಎನ್ನುತ್ತಾರೆ. ಸೊಸೆ ಎರಡು ತುಂಡನ್ನೂ ಮುಡಿದುಕೊಳ್ಳುತ್ತಾಳೆ.

ದೀಪ ಹಚ್ಚಿದ ಮೇಲೆ ಚೀಲ ಬರುತ್ತದೆ. ಈಗ ಮಗ ತಡೆಯುವುದಿಲ್ಲ. “ನಡಿಯಮ್ಮ, ನಾನೂ ಬರುತ್ತೇನೆ” ಎಂದು ಚೀಲವನ್ನು ತಾನು ಹಿಡಿದುಕೊಂಡು, ತಾಯಿಯ ಕೈಹಿಡಿದು ಹೊರಡುತ್ತಾನೆ. ಬೀದಿಯ ಕೊನೆಯವರೆಗೆ ಹೋಗಿ, ಬಲಕ್ಕೆ ತಿರುಗಿ, ಔಷಧದ ಅಂಗಡಿಯನ್ನು ದಾಟಿ, ಹಿಂದಿನ ಬೀದಿಯಿಂದ ಸುತ್ತಿ ಬಂದರೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತಿಗೆ ತಾಯಿಗೆ ಕಾಲು ಸೋತಿರುತ್ತದೆ. ಗೇಟಿನ ಮುಂದೆ ನಿಂತು, ಹೊಸ್ತಿಲ ಬಳಿ ಉರಿಯುವ ದೀಪವನ್ನೂ ತಮ್ಮ ಕೈಯಾರೆ ಕಟ್ಟಿ ಬಾಗಿಲಿಗೆ ಹಾಕಿಸಿದ ಹೂವನ್ನೂ ನೋಡಿ, “ಸದ್ಯ, ಮನೆ ಬಂತು” ಎನ್ನುತ್ತಾರೆ.

ಕಳೆದ ವಾರ ಹಾಗೆಂದು ಒಳಗೆ ಕಾಲಿಟ್ಟವರು ಹಿಂದಿರುಗಿ, ಚೀಲ ಹಿಡಿದು ನಿಂತಿದ್ದ ಮಗನನ್ನು ನೋಡಿ ಕೇಳಿದರು:

“ಇಷ್ಟು ದೂರ ಬಿಡುವುದಕ್ಕೆ ಬಂದೆಯಲ್ಲಪ್ಪ, ನೀನು ಯಾರ ಮನೆಯ ಹುಡುಗ?”

“ಇದೇ ಮನೆಯವನಮ್ಮ.”

“ಒಳ್ಳೆಯದಾಯಿತು. ಹಾಗಾದರೆ ಕೈಕಾಲು ತೊಳೆದುಕೊಂಡು ಬಾ. ಊಟ ಮಾಡಿಕೊಂಡೇ ಹೋಗು.”